ಅಜ್ಜಿ ಯೇಸುವನ್ನೇ ಮರೆತಿದ್ದಾರೆ. ಅವರ ನಂಬಿಕೆ ಈಗ ಯಾರ ಹತ್ತಿರ ಇದೆ?

ಬೆಟಗೇರಿ ಮೊಮ್ಮಗಳು · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಗದಗ-ಬೆಟಗೇರಿಯ ಹಳೇ ಬಾಸೆಲ್ ಮಿಷನ್ ಮನೆತನ, ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಅಜ್ಜಿಗೆ 86 ವರ್ಷ. ನಾನು ಹುಟ್ಟುವ ಮೊದಲಿಂದ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು. 23ನೇ ಕೀರ್ತನೆ ಒಪ್ಪಿಸದೆ ನಮಗೆ ಭಾನುವಾರ ಉಪ್ಪಿಟ್ಟು ಸಿಗುತ್ತಿರಲಿಲ್ಲ. ಮೂರು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ನಮ್ಮ ಹೆಸರುಗಳು ಹೋದವು, ಆಮೇಲೆ ಅಜ್ಜನ ಹೆಸರು. ಹೋದ ತಿಂಗಳು ಸಂಜೆ ಪ್ರಾರ್ಥನೆಗೆ ಕೂರಿಸಿದಾಗ ನನ್ನ ಕಡೆ ಬಗ್ಗಿ ಕೇಳಿದರು: "ಯೇಸು ಯೇಸು ಅಂತೀರಲ್ಲ, ಯಾರವ? ನಮ್ಮ ಓಣ್ಯಾಗಿನಾವೇನು?"

ಮೊದಲು ನಕ್ಕೆವು. ಆಮೇಲೆ ಯಾರೂ ನಗಲಿಲ್ಲ.

ಹೋದ ವಾರ ಸಂಬಂಧಿಕರೊಬ್ಬರು ಬೇರೆ ಊರಿನ ಬೋಧಕರೊಬ್ಬರನ್ನು ಮನೆಗೆ ಕರೆತಂದರು. ಅವರು ಬೈಬಲಿನಲ್ಲಿ ರೋಮಾಪುರದವರಿಗೆ 10:9 ತೆಗೆದರು. ಬಾಯಿಂದ ಅರಿಕೆ ಮಾಡಿ ಹೃದಯದಿಂದ ನಂಬಿದರೆ ತಾನೇ ರಕ್ಷಣೆ, ಈಗಲೇ ಹೇಳಿಸಿಬಿಡೋಣ ಅಂದರು. ಅಜ್ಜಿಯ ಕೈ ಹಿಡಿದು "ಯೇಸು ನನ್ನ ಕರ್ತನು" ಅಂತ ಮೂರು ಸಲ ಹೇಳಿಸಿದರು. ಅಜ್ಜಿ ಮೂರು ಸಲವೂ ಹೇಳಿದರು. ನಾಲ್ಕನೇ ಸಲಕ್ಕೆ "ಇನ್ನಷ್ಟು ಚಾ ಕೊಡ್ತೀರೇನು?" ಅಂದರು. ಬೋಧಕರಿಗೆ ಸಮಾಧಾನ ಆಗಲಿಲ್ಲ. ಮನಸ್ಸಿನಿಂದ ಬರುತ್ತಿಲ್ಲ ಅಂದರು. ಅಮ್ಮ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು.

ನನ್ನ ಪ್ರಶ್ನೆ ಇಷ್ಟೇ. ನಂಬುವುದು ನಾವು ಮಾಡುವ ಕೆಲಸವೋ, ದೇವರು ಕೊಡುವ ವರವೋ? ನಾವು ಮಾಡುವುದಾದರೆ, ಮಾಡಲು ಆಗದವರ ಗತಿ ಏನು? ದೇವರು ಕೊಡುವುದಾದರೆ, ಕೆಲವರಿಗೆ ಯಾಕೆ ಕೊಡಲಿಲ್ಲ? ದಯವಿಟ್ಟು "ಪ್ರಾರ್ಥನೆ ಮಾಡ್ತೀವಿ ಅಕ್ಕಾ" ಅಂತ ಬರೆಯಬೇಡಿ. ಮಾಡಿ, ಆದರೆ ಇಲ್ಲಿ ವಾದ ಬೇಕು ನನಗೆ.

ಟ್ಯುಲಿಪ್ ಮಲ್ಲೇಶ್ವರ · 9:58

ಅಕ್ಕಾ, ಆ ಬೋಧಕರು ಹೇಳಿದ್ದು ಶುದ್ಧ ಪೆಲೇಜಿಯಸ್ ಬೋಧನೆ, ಅಂದರೆ ಮನುಷ್ಯ ಸ್ವಂತ ಬಲದಿಂದಲೇ ದೇವರ ಕಡೆ ಬರಬಲ್ಲ ಅನ್ನೋದು. ಎಫೆಸ 2:1 ನೋಡಿ. ನಾವು ಪಾಪದಲ್ಲಿ ಕಾಯಿಲೆ ಬಿದ್ದವರಲ್ಲ, ಸತ್ತವರು. ಸತ್ತವನು ಔಷಧಿಗೆ ಕೈ ಚಾಚುತ್ತಾನಾ? 2:8ರಲ್ಲಿ ಕೃಪೆಯಿಂದ, ನಂಬಿಕೆಯ ಮೂಲಕ, ಅದು ನಿಮ್ಮಿಂದಲ್ಲ, ದೇವರ ವರ ಅಂತ ಇದೆ. ಯೋಹಾನ 6:44ರಲ್ಲಿ ತಂದೆ ಎಳೆಯದೆ ಯಾರೂ ಬರಲಾರರು ಅಂತ ಇದೆ. ಕೊಟ್ಟವನು ಕಿತ್ತುಕೊಳ್ಳೋದಿಲ್ಲ. ಮುಗೀತು.

ಬೀದರ್ ಮೆಥಡಿಸ್ಟ್ · 10:15

ಮುಗೀತು ಅನ್ನೋದಕ್ಕೆ ಮುಂಚೆ ಒಂದು ನಿಮಿಷ ತಮ್ಮಾ.

ಎಫೆಸ 2:8ರ "ಅದು" ಯಾವುದು? ಗ್ರೀಕಿನಲ್ಲಿ ಕೃಪೆಯೂ ಸ್ತ್ರೀಲಿಂಗ, ನಂಬಿಕೆಯೂ ಸ್ತ್ರೀಲಿಂಗ. ಆದರೆ "ಅದು" ನಪುಂಸಕಲಿಂಗ. ಹಾಗಾಗಿ ಅದು ನಂಬಿಕೆ ಒಂದನ್ನೇ ತೋರಿಸುತ್ತೆ ಅನ್ನೋಕೆ ಬರಲ್ಲ, ರಕ್ಷಣೆಯ ಇಡೀ ವಿಷಯವನ್ನು ಹೇಳುತ್ತೆ. ಕನ್ನಡದಲ್ಲಿ ಕೃಪೆ, ನಂಬಿಕೆ, ರಕ್ಷಣೆ ಎಲ್ಲಕ್ಕೂ "ಅದು"ವೇ. ಅದಕ್ಕೇ ನಮ್ಮ ಬೈಬಲಿನಲ್ಲಿ ಈ ಜಗಳ ಕಣ್ಣಿಗೆ ಬೀಳೋದಿಲ್ಲ.

ಇನ್ನು ಮತ್ತಾಯ 23:37. ಕೋಳಿ ಮರಿಗಳನ್ನು ರೆಕ್ಕೆ ಕೆಳಗೆ ಸೇರಿಸುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಲು ಎಷ್ಟೋ ಸಲ ನನಗೆ ಮನಸ್ಸಿತ್ತು, ನಿಮಗೆ ಮನಸ್ಸಿರಲಿಲ್ಲ ಅಂತ ಯೇಸು ಸ್ವಾಮಿ ಯೆರೂಸಲೇಮಿಗೆ ಹೇಳಿ ದುಃಖಪಡುತ್ತಾರೆ. ಮರಿಗಳ ಮನಸ್ಸೂ ಕೋಳಿಯ ಕೈಯಲ್ಲೇ ಇದ್ದರೆ ಆ ಕಣ್ಣೀರು ಯಾಕೆ?

ಹಳೇ ಪುಸ್ತಕದ ಹುಳ · 10:52

ಪೆಲೇಜಿಯಸ್ ಹೆಸರನ್ನು ಬೈಗುಳದ ಹಾಗೆ ಬಳಸೋದು ನೋಡಿದರೆ ನನಗೆ ಕೈ ಕಡಿಯುತ್ತೆ. ಆತ ಬ್ರಿಟನ್ನಿನಿಂದ ರೋಮಿಗೆ ಬಂದ ಸನ್ಯಾಸಿ, ಕಟ್ಟುನಿಟ್ಟಿನ ಮನುಷ್ಯ. ರೋಮಿನ ಕ್ರೈಸ್ತರು ಹೆಸರಿಗೆ ಮಾತ್ರ ಕ್ರೈಸ್ತರಾಗಿ ಮಜಾ ಮಾಡಿಕೊಂಡಿರೋದು ನೋಡಿ ಅವನಿಗೆ ರೋಸಿಹೋಗಿತ್ತು. ಒಂದು ದಿನ ಬಿಷಪ್ ಒಬ್ಬರು ಅವನ ಮುಂದೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನನ ಪ್ರಾರ್ಥನೆಯೊಂದನ್ನು ಹೇಳಿದರು. "ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞಾಪಿಸು" ಅನ್ನೋದು ಅದರ ಸಾರ. ಪೆಲೇಜಿಯಸನಿಗೆ ತಡೆಯಲಾಗಲಿಲ್ಲ, ಜಗಳಕ್ಕೇ ನಿಂತ. ಅಗಸ್ಟೀನನೇ ವಯಸ್ಸಾದ ಮೇಲೆ ಇದನ್ನು ಬರೆದಿಟ್ಟಿದ್ದಾನೆ. ಎಲ್ಲ ದೇವರೇ ಮಾಡಿಸಬೇಕು ಅಂದರೆ ಇವರು ಕೈಕಟ್ಟಿ ಕೂರುತ್ತಾರೆ ಅನ್ನೋದು ಪೆಲೇಜಿಯಸನ ಭಯ. ನಮ್ಮ ಸಭೆಗಳನ್ನು ನೋಡಿದವರಿಗೆ ಆ ಭಯ ಅರ್ಥ ಆಗುತ್ತೆ.

ಅಗಸ್ಟೀನನೂ ಮೊದಲು ಹೀಗಿರಲಿಲ್ಲ. ನಂಬುವ ಮೊದಲ ಹೆಜ್ಜೆ ನಮ್ಮದೇ ಅಂದುಕೊಂಡಿದ್ದ. ಸುಮಾರು 396ರಲ್ಲಿ ಸಿಂಪ್ಲಿಸಿಯಾನ್ ಎಂಬ ಹಿರಿಯರು ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದ ಬಗ್ಗೆ ಕೇಳಿದರು. ಉತ್ತರ ಬರೆಯುತ್ತಾ ಕುಳಿತವನನ್ನು 1 ಕೊರಿಂಥ 4:7 ಹಿಡಿದುಕೊಂಡಿತು: ನಿನ್ನಲ್ಲಿರುವುದರಲ್ಲಿ ಪಡೆಯದೆ ಬಂದದ್ದು ಯಾವುದಿದೆ? ಮನುಷ್ಯನ ಸ್ವಂತ ಇಚ್ಛೆಯ ಪರವಾಗಿ ಬಹಳ ಹೆಣಗಾಡಿದೆ, ಕೊನೆಗೆ ಗೆದ್ದದ್ದು ದೇವರ ಕೃಪೆ ಅಂತ ಆಮೇಲೆ ಒಪ್ಪಿಕೊಂಡ.

418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಪೆಲೇಜಿಯಸನ ಬೋಧನೆಯನ್ನು ತಳ್ಳಿಹಾಕಿತು. 431ರಲ್ಲಿ ಎಫೆಸದಲ್ಲೂ ಅದೇ ಆಯಿತು. ಆದರೆ 529ರ ಆರೆಂಜ್ ಸಭೆಯ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಇದು ಹಣ್ಣಲ್ಲ, ಫ್ರಾನ್ಸಿನ ಊರು. ನಂಬಬೇಕು ಅನ್ನೋ ಮೊದಲ ಆಸೆ ಕೂಡ ಕೃಪೆಯಿಂದಲೇ ಅಂತ ಆ ಸಭೆ ಹೇಳಿತು. ಜೊತೆಗೇ, ದೇವರು ಕೆಲವರನ್ನು ಕೆಡುಕಿಗೇ ನೇಮಿಸಿದ್ದಾನೆ ಅನ್ನುವವರಿಗೆ ಶಾಪ ಅಂತಲೂ ಹೇಳಿತು. ಟ್ಯುಲಿಪ್ ತಮ್ಮನಿಗೆ ಅರ್ಧ ಖುಷಿ, ಅರ್ಧ ಬೇಜಾರು.

ಸುಮ್ನೆ ಓದುಗ · 11:05

ನಾನು ಕ್ರೈಸ್ತನಲ್ಲ. ಆದರೆ ಎಲ್ಲ ಮೊದಲೇ ಬರೆದಿದೆ ಅಂದರೆ ನಮ್ಮ ಹಣೆಬರಹದ ಕಥೆನೇ ಅಲ್ವಾ?

ಟ್ಯುಲಿಪ್ ಮಲ್ಲೇಶ್ವರ · 11:12

ಅಲ್ಲ ಸಾರ್. ಹಣೆಬರಹಕ್ಕೆ ಮುಖ ಇಲ್ಲ. ಆಯ್ಕೆ ಅಂದರೆ ಒಬ್ಬ ತಂದೆ ಹೆಸರು ಹಿಡಿದು ಕರೆಯೋದು.

ಬಸ್‌ಸ್ಟ್ಯಾಂಡ್ ಭಕ್ತ · 11:20

ಸಿಂಪಲ್ ಆಗಿ ಹೇಳಲಾ? ಹಬ್ಬದ ಟೈಮಲ್ಲಿ ಹುಬ್ಬಳ್ಳಿ ಬಸ್ಸು. ಒಳಗೆ ಕಾಲಿಡಕ್ಕೆ ಜಾಗ ಇಲ್ಲ. ನೀವು ಹತ್ತೋ ಮೊದಲೇ ಯಾರೋ ಕಿಟಕಿಯಿಂದ ನಿಮ್ಮ ಹೆಸರಲ್ಲಿ ಟವೆಲ್ ಹಾಕಿದ್ದಾರೆ. ಅದು ಟ್ಯುಲಿಪ್ ಅವರ ಪಂಗಡ. ಟವೆಲ್ ಎಲ್ಲರಿಗೂ ಹಾಕಿದೆ, ಹತ್ತೋದು ಬಿಡೋದು ನಿಮ್ಮಿಷ್ಟ ಅನ್ನೋದು ಮೆಥಡಿಸ್ಟರು. ಟವೆಲ್ಲೂ ಇಲ್ಲ ಏನೂ ಇಲ್ಲ, ತಳ್ಳಿಕೊಂಡು ಹತ್ತು ಮಗನೇ ಅನ್ನೋದು ಪೆಲೇಜಿಯಸ್.

ಬೀದರ್ ಮೆಥಡಿಸ್ಟ್ · 11:24

ನಕ್ಕೆ. ಆದರೆ ನಮ್ಮದು ಅರ್ಧ ಹೇಳಿದ್ರಿ. ಹತ್ತೋಕೆ ಕಾಲಿಗೆ ಶಕ್ತಿ ಕೊಡೋದೂ ಕೃಪೆಯೇ ಅಂತೀವಿ ನಾವು. ನಾವು ಕೇಳುವ ಮೊದಲೇ ಮುಂದಾಗಿ ಬರುವ ಕೃಪೆ. ಅದನ್ನು ಒದ್ದು ಇಳಿಯೋ ಸ್ವಾತಂತ್ರ್ಯ ಮಾತ್ರ ನಮ್ಮದು.

ಬೆಟಗೇರಿ ಮೊಮ್ಮಗಳು · 11:31

ಟವೆಲ್ ವಿಷಯ ಅಮ್ಮನಿಗೆ ಓದಿ ಹೇಳಿದೆ. ಒಂದು ವಾರದ ಮೇಲೆ ನಕ್ಕರು. "ಅತ್ತಿಯವರಿಗೆ ಅಷ್ಟ ಅಲ್ಲ, ಅತ್ತಿ ಬಾಜೂಕ ಚೀಲಕ್ಕೂ ಹಾಕ್ಯಾರ" ಅಂದರು. ಅಜ್ಜಿ ಎಲ್ಲಿ ಹೋದರೂ ಚೀಲಕ್ಕೊಂದು ಸೀಟು ಹಿಡಿಯುತ್ತಿದ್ದರು.

ಹಳೇ ಪುಸ್ತಕದ ಹುಳ · ಭಾನುವಾರ ಮಧ್ಯಾಹ್ನ 1:30

ಆರಾಧನೆ ಮುಗಿಸಿ ಬಂದೆ. ಟ್ಯುಲಿಪ್ ತಮ್ಮನ ಹೆಸರಿನ ಮೂಲ ಹೇಳ್ತೀನಿ. ಯಾರನ್ನು ರಕ್ಷಿಸಬೇಕು ಅಂತ ದೇವರೇ ಮೊದಲೇ ಆರಿಸುತ್ತಾನೆ ಅನ್ನುವ ಕ್ಯಾಲ್ವಿನ್ ಪಂಥದ ಐದು ಮಾತುಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಆ ಹೂವಿನ ಹೆಸರಾಗುತ್ತೆ. ಆ ಜೋಡಣೆ 20ನೇ ಶತಮಾನದ್ದು. ಐದು ಮಾತುಗಳು ಮಾತ್ರ ಹಾಲೆಂಡಿನ ಡಾರ್ಟ್ ಊರಲ್ಲಿ 1618-19ರಲ್ಲಿ ನಡೆದ ಸಭೆಯವು. ಮನುಷ್ಯ ಕೃಪೆಯನ್ನು ತಡೆಯಬಲ್ಲ ಅಂದ ಆರ್ಮೀನಿಯಸ್ ಎಂಬ ಪ್ರೊಫೆಸರ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಡೆಯವರು ಐದು ಅಂಶದ ಮನವಿ ಕೊಟ್ಟರು. ಅದಕ್ಕೆ ಡಾರ್ಟ್ ಸಭೆ ಕೊಟ್ಟ ಉತ್ತರ ಇದು. ಅಂದರೆ ಐದು ಅನ್ನೋ ಲೆಕ್ಕ ಶುರು ಮಾಡಿದ್ದು ಎದುರು ಪಾರ್ಟಿ!

ಇದು ಬರೀ ವಚನದ ಜಗಳ ಆಗಿರಲಿಲ್ಲ. ರಾಜಕೀಯ ಸೇರಿಕೊಂಡಿತ್ತು. ಆರ್ಮೀನಿಯಸ್ ಕಡೆಯವರಿಗೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್ ಅವರನ್ನು ದೇಶದ್ರೋಹದ ಹೆಸರಲ್ಲಿ ಹಿಡಿದರು. 1619ರ ಮೇ 13ರಂದು, 71ನೇ ವಯಸ್ಸಿನಲ್ಲಿ, ತಲೆ ಕಡಿದರು. ಸುಮಾರು 200 ಬೋಧಕರು ಕೆಲಸ ಕಳೆದುಕೊಂಡರು. ಕಾನೂನು ಪಂಡಿತ ಗ್ರೋಷಿಯಸ್‌ಗೆ ಜೀವಾವಧಿ ಸೆರೆ, ಲೂವೆಸ್ಟೈನ್ ಕೋಟೆಯಲ್ಲಿ. ಅಲ್ಲಿಗೆ ಓದಲು ಪೆಟ್ಟಿಗೆಯಲ್ಲಿ ಪುಸ್ತಕ ಬರುತ್ತಿತ್ತು, ಹೋಗುತ್ತಿತ್ತು. ಹೆಂಡತಿ ಮರಿಯಾ ಗಮನಿಸಿದಳು, ಕಾವಲುಗಾರರು ಬರಬರುತ್ತಾ ಪೆಟ್ಟಿಗೆ ತೆಗೆದು ನೋಡೋದನ್ನೇ ಬಿಟ್ಟಿದ್ದಾರೆ ಅಂತ. 1621ರ ಮಾರ್ಚಿನಲ್ಲಿ ಗಂಡನನ್ನೇ ಅದರೊಳಗೆ ಮಡಚಿ ಕೂರಿಸಿ ಕಳಿಸಿಬಿಟ್ಟಳು. "ಇಷ್ಟು ಭಾರ ಇದೆಯಲ್ಲ, ಒಳಗೆ ಆರ್ಮೀನಿಯನ್ ಯಾರಾದರೂ ಇದ್ದಾನಾ?" ಅಂತ ಹೊರುವ ಸಿಪಾಯಿ ಕೇಳಿದ, "ಆರ್ಮೀನಿಯನ್ ಪುಸ್ತಕಗಳು ಅಷ್ಟೇ" ಅಂತ ಆಕೆ ಹೇಳಿದಳು ಅನ್ನೋದು ಕಥೆ.

ಕೃಪೆಯನ್ನು ತಡೆಯಬಹುದಾ ಅಂತ ಚರ್ಚೆ. ಕೊಡಲಿಯನ್ನು ತಡೆಯಲು ಯಾರಿಗೂ ಆಗಲಿಲ್ಲ.

ಕಡಲತೀರದ ಕಥೋಲಿಕ · 2:10

ಮಂಗಳೂರಿಂದ. ನೀವು ಪ್ರೊಟೆಸ್ಟೆಂಟರು ಜಗಳ ಆಡುವಾಗ ನಾವು ಸುಮ್ಮನಿರೋದು ವಾಡಿಕೆ. ಆದರೆ "ಕಥೋಲಿಕರು ಒಳ್ಳೇ ಕೆಲಸ ಮಾಡಿ ರಕ್ಷಣೆ ಗಳಿಸುತ್ತಾರೆ" ಅಂತ ಯಾರೋ ಒಬ್ಬರು ಬರೆಯೋ ಮೊದಲೇ ಹೇಳಿಬಿಡ್ತೀನಿ. ನಮ್ಮ ಬಿಷಪ್‌ಗಳು ಸೇರಿದ್ದ ಟ್ರೆಂಟ್ ಸಭೆಯ 1547ರ ತೀರ್ಪಿನ ಮೊದಲನೇ ಶಾಪವೇ, ಕೃಪೆ ಇಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಅನ್ನುವವನಿಗೆ.

ನಮ್ಮೊಳಗೂ ಇದೇ ಜಗಳ ಆಗಿದೆ. ದೊಮಿನಿಕನ್ನರು, ಜೆಸ್ವಿತರು ಅಂತ ನಮ್ಮಲ್ಲಿ ಎರಡು ಗುರುಸಂಘಗಳು. ದೊಮಿನಿಕನ್ನರು ಜೆಸ್ವಿತರನ್ನು ಪೆಲೇಜಿಯಸನ ಮಕ್ಕಳು ಅಂದರು. ಜೆಸ್ವಿತರು ಇವರನ್ನು ಕ್ಯಾಲ್ವಿನನ ಮಕ್ಕಳು ಅಂದರು. ರೋಮಿನಲ್ಲಿ ಸುಮಾರು ಹತ್ತು ವರ್ಷ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೇ ಪೌಲ್ ತೀರ್ಪನ್ನೇ ಕೊಡಲಿಲ್ಲ. ಇಬ್ಬರೂ ಮನೆಗೆ ಹೋಗಿ, ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ ಅಂದರು. ಕೆಲವು ಸಲ ತೀರ್ಪು ಕೊಡದಿರುವುದೇ ದೊಡ್ಡ ತೀರ್ಪು ಅಂತ ನನಗನ್ನಿಸುತ್ತೆ.

ಅಜ್ಜಿಯ ವಿಷಯ. ಮಾರ್ಕ 2 ಓದಿ. ನಾಲ್ಕು ಜನ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ, ಹಾಸಿಗೆ ಸಮೇತ ಇಳಿಸಿದರು. ಯೇಸು ಯಾರ ನಂಬಿಕೆ ನೋಡಿದರು? "ಅವರ" ನಂಬಿಕೆ. ರೋಗಿ ಒಂದು ಮಾತೂ ಆಡಿಲ್ಲ. ನಮ್ಮ ಬಲಿಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವ ಮೊದಲು ಪ್ರತಿ ಸಲ ಬೇಡುತ್ತೇವೆ, ನಮ್ಮ ಪಾಪಗಳನ್ನು ನೋಡಬೇಡಿ, ಧರ್ಮಸಭೆಯ ವಿಶ್ವಾಸವನ್ನು ನೋಡಿ ಅಂತ. ಒಬ್ಬೊಬ್ಬರ ವಿಶ್ವಾಸ ತೂಕಕ್ಕಿಟ್ಟರೆ ನಮ್ಮಲ್ಲಿ ಯಾರದು ನಿಂತೀತು? ನಿಮ್ಮ ಮನೆಯವರು ಅಜ್ಜಿಯ ಹಾಸಿಗೆಯ ನಾಲ್ಕು ಮೂಲೆ ಹಿಡಿದಿದ್ದೀರಿ ಅಂದುಕೊಳ್ಳಿ.

ಟ್ಯುಲಿಪ್ ಮಲ್ಲೇಶ್ವರ · 2:25

ಮಾರ್ಕ 2 ಒಪ್ಪಿದೆ. ಆದರೆ ಅದೇ ಟ್ರೆಂಟಿನ 9ನೇ ಶಾಪ "ನಂಬಿಕೆ ಮಾತ್ರದಿಂದ" ಅನ್ನುವವರ ಮೇಲೆ. ಅಂದರೆ ನನ್ನ ಮೇಲೆ.

ಕಡಲತೀರದ ಕಥೋಲಿಕ · 2:33

ಹೌದು. ಆದರೆ "ನಂಬಿಕೆ ಮಾತ್ರ" ಅನ್ನೋ ಪದಗಳು ಬೈಬಲಿನಲ್ಲಿ ಒಟ್ಟಿಗೆ ಬರೋದು ಯಾಕೋಬ 2:24ರಲ್ಲಿ, ಅದೂ "ನಂಬಿಕೆಯಿಂದ ಮಾತ್ರವಲ್ಲ" ಅಂತ. ರೋಮ 3:28ಕ್ಕೆ "ಮಾತ್ರ" ಸೇರಿಸಿದ್ದು ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರನ ಜರ್ಮನ್ ಅನುವಾದ. ಯಾಕೋಬನ ಪತ್ರವನ್ನು ಅವನು ಹುಲ್ಲಿನ ಪತ್ರ ಅಂದಿದ್ದ. ಆದರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ನಾವೂ ಒಂದೇ ಕಾಗದಕ್ಕೆ ಸಹಿ ಹಾಕಿದೆವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಅಂತ. 2006ರಲ್ಲಿ ಮೆಥಡಿಸ್ಟರು ಬಂದರು, 2017ರಲ್ಲಿ ನಿಮ್ಮ ಸುಧಾರಿತ ಸಭೆಗಳೂ ಬಂದವು. ಶಾಪ ಹಳೇದಾಯಿತು ತಮ್ಮಾ.

ಮೇಲುಕೋಟೆ ಪುಳಿಯೋಗರೆ · 3:05

ಹೊರಗಿನವನು ಬಾಯಿ ಹಾಕಬಹುದಾ? ನಮ್ಮ ಶ್ರೀವೈಷ್ಣವರಲ್ಲಿ ಇದೇ ಜಗಳ, ಪ್ರಾಣಿಗಳು ಬೇರೆ. ವಡಗಲೆಯವರದು ಕೋತಿಮರಿ ಲೆಕ್ಕ. ತಾಯಿ ಹಾರುವಾಗ ಮರಿ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತೆಂಗಲೆಯವರದು ಬೆಕ್ಕಿನಮರಿ. ಮರಿ ಏನೂ ಮಾಡಲ್ಲ, ತಾಯಿಯೇ ಕುತ್ತಿಗೆ ಕಚ್ಚಿಕೊಂಡು ಹೋಗುತ್ತೆ. ನಿಮ್ಮ ಅಜ್ಜಿ ಇಷ್ಟು ದಿನ ಕೋತಿಮರಿ, ಈಗ ಬೆಕ್ಕಿನಮರಿ. ತಾಯಿ ಬದಲಾಗಿಲ್ಲವಲ್ಲ.

ನಮ್ಮವರೂ ಕಮ್ಮಿ ಇಲ್ಲ. ಕಂಚಿಯ ದೇವಸ್ಥಾನದಲ್ಲಿ ಯಾರ ಪಾಠ ಮೊದಲು ಅಂತ ಬ್ರಿಟಿಷರ ಕಾಲದಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ.

ಹಳೇ ಪುಸ್ತಕದ ಹುಳ · 3:20

ಆಹಾ. ಡಚ್ ಪಂಡಿತ ಎರಾಸ್ಮಸ್ 1524ರಲ್ಲಿ ಲೂಥರನ ವಿರುದ್ಧ ಬರೆದಾಗ ಕೊಟ್ಟ ಹೋಲಿಕೆ ಇವೆರಡರ ನಡುವಿನದ್ದು. ಇನ್ನೂ ನಡೆಯಲು ಬಾರದ ಮಗು ಬಿದ್ದಿದೆ. ಅಪ್ಪ ಎತ್ತಿ ನಿಲ್ಲಿಸಿ, ದೂರದಲ್ಲಿ ಸೇಬು ತೋರಿಸುತ್ತಾನೆ. ಮಗು ಓಡಬೇಕು ಅಂತ ಒದ್ದಾಡುತ್ತೆ. ಅಪ್ಪ ಕೈ ಹಿಡಿದು ನಡೆಸಿ, ಸೇಬನ್ನು ಕೈಗೇ ಇಡುತ್ತಾನೆ. ನಾನೇ ತಗೊಂಡೆ ಅಂತ ಮಗು ಹೇಳಲು ಬರಲ್ಲ. ಆದರೆ ಏನೂ ಮಾಡಲಿಲ್ಲ ಅನ್ನೋಕೂ ಬರಲ್ಲ.

ಮರುವರ್ಷದ ಉತ್ತರದಲ್ಲಿ ಲೂಥರ್ ಈ ಮೃದು ಮಾತನ್ನೆಲ್ಲ ಕೊಡವಿಬಿಟ್ಟ. ಮನುಷ್ಯನ ಇಚ್ಛೆ ಸವಾರಿಯ ಪ್ರಾಣಿ ಇದ್ದ ಹಾಗೆ, ಒಂದೋ ದೇವರು ಹತ್ತುತ್ತಾನೆ, ಇಲ್ಲ ಸೈತಾನ, ಸವಾರನನ್ನು ಆರಿಸುವುದು ಪ್ರಾಣಿಯ ಕೈಲಿಲ್ಲ ಅಂದ. ಆದರೂ ಎರಾಸ್ಮಸನನ್ನು ಹೊಗಳಿದ. ಎಲ್ಲರೂ ಪೋಪು, ಶುದ್ಧೀಕರಣ ಸ್ಥಳ ಅಂತ ನನ್ನ ತಲೆ ತಿಂದರು, ಕುತ್ತಿಗೆಗೇ ಕೈ ಹಾಕಿದವನು ನೀನೊಬ್ಬ ಅಂತ.

ಬೆಟಗೇರಿ ಮೊಮ್ಮಗಳು · 4:45

ಬೆಕ್ಕಿನಮರಿ ಚೆನ್ನಾಗಿದೆ. ಆದರೆ ನನ್ನ ಎರಡನೇ ಪ್ರಶ್ನೆಗೆ ಯಾರೂ ಬಾಯಿ ಬಿಡ್ತಿಲ್ಲ. ಬೆಕ್ಕು ನನ್ನ ಅಜ್ಜಿಯನ್ನು ಕಚ್ಚಿಕೊಂಡು ಹೋಯಿತು, ಸರಿ. ಉಳಿದ ಮರಿಗಳನ್ನು ಮಳೆಯಲ್ಲಿ ಯಾಕೆ ಬಿಟ್ಟಿತು? ಪಕ್ಕದ ಮನೆಯ ಅಜ್ಜಿ, ನಮ್ಮಜ್ಜಿಯ ಐವತ್ತು ವರ್ಷದ ಗೆಳತಿ, ಚರ್ಚಿನೊಳಗೆ ಕಾಲೇ ಇಟ್ಟಿಲ್ಲ. ನಮ್ಮಜ್ಜಿಗೆ ತಲೆ ಬಾಚೋದು ಇವತ್ತಿಗೂ ಅವರೇ.

ಹಳೇ ಪುಸ್ತಕದ ಹುಳ · 5:02

ಇಲ್ಲೇ ಅಗಸ್ಟೀನನೂ ಎಡವಿದ್ದು. ಕೃಪೆ ಕೊಟ್ಟವರಿಗೆ ಮಾತ್ರ ಅಂತ ಹಿಡಿದ ದಾರಿಯಲ್ಲಿ ಹೋಗಿ ಹೋಗಿ, ದೀಕ್ಷಾಸ್ನಾನ ಇಲ್ಲದೆ ಸತ್ತ ಹಸುಗೂಸಿಗೂ ಶಿಕ್ಷೆ ಇದೆ, ಎಲ್ಲಕ್ಕಿಂತ ಮೃದುವಾದದ್ದು ಅಷ್ಟೇ ಅಂದುಬಿಟ್ಟ. ಅವನ ತರ್ಕದಲ್ಲಿ ತಪ್ಪು ಹುಡುಕೋದು ಕಷ್ಟ. ಅದಕ್ಕೇ ಭಯ ಆಗುತ್ತೆ.

ಕಡಲತೀರದ ಕಥೋಲಿಕ · 5:10

2007ರಲ್ಲಿ ನಮ್ಮ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಆ ಕೂಸುಗಳ ಬಗ್ಗೆ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಅಂತ ಬರೆಯಿತು. 1,500 ವರ್ಷ ಹಿಡಿಯಿತು, ನಾಚಿಕೆಯೇ.

ಗುಡುಗು ಗುಲಬರ್ಗಾ · 5:14

ಈ ಬೋಧಕರೆಲ್ಲ ಕಳ್ಳರು, ಅವರ ಹೆಸರು ಹಾಕಿ ಅಕ್ಕಾ, ಫೋನ್ ಮಾಡಿ ಇಳಿಸ್ತೀನಿ

ನಿರ್ವಾಹಕ · 5:16

ಹೆಸರು ಬೇಡ, ಫೋನೂ ಬೇಡ. ವಿಷಯಕ್ಕೆ ಬನ್ನಿ.

ಟ್ಯುಲಿಪ್ ಮಲ್ಲೇಶ್ವರ · 8:50

ಇಡೀ ಸಂಜೆ ಯೋಚಿಸಿದೆ. ಅಕ್ಕಾ, ನಿನ್ನೆ "ಮುಗೀತು" ಅಂದಿದ್ದಕ್ಕೆ ಸಾರಿ.

ಅಜ್ಜಿಗೆ ಸಂಬಂಧಿಸಿದ್ದು ನಮ್ಮ ಕಡೆ ಬರೆದಿಟ್ಟಿದೆ. 1646ರಲ್ಲಿ ಲಂಡನ್ನಿನಲ್ಲಿ ಪೂರೈಸಿದ ವೆಸ್ಟ್‌ಮಿನ್‌ಸ್ಟರ್ ಅರಿಕೆಯ 10ನೇ ಅಧ್ಯಾಯ, 3ನೇ ಭಾಗ. ಶಿಶುಗಳಾಗಿ ಸಾಯುವ ಆಯ್ದುಕೊಂಡವರ ಹಾಗೆಯೇ, ವಾಕ್ಯದ ಕರೆಯನ್ನು ಗ್ರಹಿಸಲು ಶಕ್ತಿ ಇಲ್ಲದ ಆಯ್ದುಕೊಂಡವರನ್ನೂ ಕ್ರಿಸ್ತನು ಆತ್ಮದ ಮೂಲಕ ಉಳಿಸುತ್ತಾನೆ, ಆತ್ಮ ತನಗೆ ಇಷ್ಟವಾದಾಗ, ಇಷ್ಟವಾದ ಕಡೆ, ಇಷ್ಟವಾದ ರೀತಿಯಲ್ಲಿ ಕೆಲಸ ಮಾಡುತ್ತೆ ಅಂತ. ಕಟುವಾದ ಪಂಥ ಅಂತ ಎಲ್ಲರೂ ಬೈಯ್ಯುವ ನಮ್ಮವರು ಬರೆದದ್ದು ಇದು.

ಪಕ್ಕದ ಮನೆ ಅಜ್ಜಿಯ ಪ್ರಶ್ನೆಗೆ ರೋಮ 9:20 ಹೇಳಬಹುದು: ದೇವರಿಗೆ ಎದುರು ಮಾತಾಡಲು ನೀನ್ಯಾರು? ಆದರೆ ಆ ವಚನವನ್ನು ಅವರು ತಲೆ ಬಾಚುತ್ತಿರುವಾಗ ಎದುರು ನಿಂತು ನಾನು ಓದಲಾರೆ.

ಬೀದರ್ ಮೆಥಡಿಸ್ಟ್ · 9:05

ಈಗ ನೀನು ನನಗೆ ಇಷ್ಟ ಆದೆ.

ನಮ್ಮ ಮೆಥಡಿಸ್ಟ್ ಪಂಥ ಕಟ್ಟಿದ ವೆಸ್ಲಿ 1739ರಲ್ಲಿ ಪೂರ್ವನೇಮಕದ, ಅಂದರೆ ದೇವರು ಮೊದಲೇ ಆರಿಸಿಟ್ಟಿದ್ದಾನೆ ಅನ್ನೋದರ, ವಿರುದ್ಧ ಬೆಂಕಿಯಂಥ ಪ್ರಸಂಗ ಮಾಡಿ ಅಚ್ಚು ಹಾಕಿಸಿದರು. ಗೆಳೆಯ ವಿಟ್‌ಫೀಲ್ಡ್ ಬೇಡ ಬೇಡ ಅಂದಿದ್ದರು. ಆಮೇಲೆ ಅವರೂ ಬಹಿರಂಗ ಪತ್ರ ಬರೆದರು. ಆಕ್ಸ್‌ಫರ್ಡಿನಲ್ಲಿ ಜೊತೆಗಿದ್ದವರು, ಜೊತೆಗೆ ಬಯಲಲ್ಲಿ ಸಾರಿದವರು, ಬೇರೆಯಾದರು. ಆಮೇಲೆ ಸ್ನೇಹ ಕೂಡಿತು, ವಾದ ಕೂಡಲಿಲ್ಲ. 1770ರಲ್ಲಿ ವಿಟ್‌ಫೀಲ್ಡ್ ಅಮೆರಿಕದಲ್ಲಿ ತೀರಿಕೊಂಡಾಗ ಲಂಡನ್ನಿನಲ್ಲಿ ಅವರ ನೆನಪಿನ ಪ್ರಸಂಗ ಮಾಡಿದ್ದು ವೆಸ್ಲಿಯೇ. ಹಾಗಂತ ಟ್ಯುಲಿಪ್, ನಾಳೆ ಬೆಳಿಗ್ಗೆ ನಾನು ವಾದ ಬಿಡಲ್ಲ. ಎಲ್ಲರಿಗೋಸ್ಕರ ಸತ್ತ ಅಂದರೆ ಎಲ್ಲರಿಗೋಸ್ಕರವೇ.

ನಿವೃತ್ತ ವ್ಯಾಕರಣ ಮೇಷ್ಟ್ರು · 9:48

ತಡವಾಗಿ ಬಂದೆ. ಗಲಾತ್ಯ 2:16ರಲ್ಲಿ ಒಂದು ಗ್ರೀಕ್ ಜೋಡಿ ಪದ ಇದೆ, ಅಕ್ಷರಶಃ "ಕ್ರಿಸ್ತನ ನಂಬಿಕೆ". ಕ್ರಿಸ್ತನಲ್ಲಿ ನಾವಿಟ್ಟ ನಂಬಿಕೆಯೋ, ಕ್ರಿಸ್ತನ ನಂಬಿಗಸ್ತಿಕೆಯೋ ಅಂತ ಪಂಡಿತರು ಇವತ್ತಿಗೂ ಕಿತ್ತಾಡುತ್ತಿದ್ದಾರೆ. ಆ ಪದಕ್ಕೆ ನಂಬಿಕೆ, ನಿಷ್ಠೆ ಎರಡೂ ಅರ್ಥ ಉಂಟು. ಉಳಿದದ್ದು ಷಷ್ಠಿ ವಿಭಕ್ತಿಯ ಚೇಷ್ಟೆ.

ಕನ್ನಡಿಗರಿಗೆ ಇದನ್ನು ಅರ್ಥಮಾಡಿಸೋದು ಸುಲಭ. "ಅಜ್ಜಿಯ ನೆನಪು" ಅನ್ನಿ. ಅಜ್ಜಿಗೆ ಇರುವ ನೆನಪೋ, ಅಜ್ಜಿಯ ಬಗ್ಗೆ ನಿಮಗಿರುವ ನೆನಪೋ? ಮೊದಲನೆಯದು ಹೋಯಿತು. ಎರಡನೆಯದು ಎಲ್ಲೂ ಹೋಗಿಲ್ಲ. ಈಗ "ದೇವರ ನೆನಪು" ಅನ್ನಿ.

ಬೆಟಗೇರಿ ಮೊಮ್ಮಗಳು · 9:55

ಮೇಷ್ಟ್ರೇ, ಇದನ್ನು ನಾಳೆ ಅಮ್ಮನಿಗೆ ಓದುತ್ತೇನೆ. ಇವತ್ತು ಬೇಡ, ಮಲಗಿದ್ದಾರೆ.

ಟ್ಯುಲಿಪ್ ಮಲ್ಲೇಶ್ವರ · 10:03

ಮೇಷ್ಟ್ರೇ, ಚೆನ್ನಾಗಿದೆ, ಆದರೆ ಅದೇ ವಚನದ ನಡುವೆ "ನಾವೂ ಕ್ರಿಸ್ತ ಯೇಸುವನ್ನು ನಂಬಿದೆವು" ಅಂತ ಕ್ರಿಯಾಪದವೇ ಇದೆ. ನಮ್ಮ ನಂಬಿಕೆಯನ್ನು ಪೂರ್ತಿ ಅಳಿಸಲು ಆಗಲ್ಲ.

ನಿವೃತ್ತ ವ್ಯಾಕರಣ ಮೇಷ್ಟ್ರು · 10:09

ಒಪ್ಪಿದೆ. ಅಳಿಸಬೇಡಿ. ಯಾವುದರ ಮೇಲೆ ಯಾವುದು ನಿಂತಿದೆ ಅಂತ ನೋಡಿ ಅಂದೆ ಅಷ್ಟೇ. ಆ ಬೋಧಕರು ತಲೆಕೆಳಗು ನಿಲ್ಲಿಸಿದ್ದರು.

ಬೆಟಗೇರಿ ಮೊಮ್ಮಗಳು · ಮುಂದಿನ ಭಾನುವಾರ, ಸಂಜೆ 6:20

ಒಂದು ವಿಷಯ ಹೇಳೋಣ ಅಂತ ಬಂದೆ.

ಇವತ್ತು ನಮ್ಮ ಸಭಾಪಾಲಕರು ಆರಾಧನೆ ಮುಗಿಸಿ ಕರ್ತನ ಭೋಜನ ತಂದಿದ್ದರು. ಅಜ್ಜಿ ಹಜಾರದ ಕುರ್ಚಿಯಲ್ಲಿದ್ದರು. ಪಕ್ಕದ ಮನೆ ಅಜ್ಜಿ ಆಗ ತಾನೇ ತಲೆ ಬಾಚಿ, ಜಡೆ ಹಾಕಿ, ಎದ್ದು ಹೋಗಲೋ ಬೇಡವೋ ಅಂತ ಬಾಚಣಿಗೆ ಹಿಡಿದು ನಿಂತಿದ್ದರು. ಅಯ್ಯನವರು ಕೂತಿರಿ ಅಮ್ಮಾ ಅಂದರು.

ಅಜ್ಜಿಗೆ ಅವರು ಯಾರಂತ ಗೊತ್ತಾಗಲಿಲ್ಲ. ಏನನ್ನೂ ಹೇಳಿಸಲಿಲ್ಲ ಅವರು. ಚಿಕ್ಕದೊಂದು ಪ್ರಾರ್ಥನೆ ಮಾಡಿ ರೊಟ್ಟಿಯ ತುಂಡನ್ನು ಕೈಗಿಟ್ಟರು. ಅಜ್ಜಿ ಅದನ್ನು ತಿರುಗಿಸಿ ನೋಡಿದರು. ಆಮೇಲೆ ಎರಡು ಮಾಡಿ, ದೊಡ್ಡ ಭಾಗವನ್ನು ಅಯ್ಯನವರ ಕಡೆ ಚಾಚಿದರು. "ನೀನೂ ತಿನ್ನಪಾ, ಬಿಸಲಾಗ ಬಂದೀ."

ಬಸ್‌ಸ್ಟ್ಯಾಂಡ್ ಭಕ್ತ · 6:24

ಅಯ್ಯನವರು ಏನ್ ಮಾಡಿದ್ರು?

ಬೆಟಗೇರಿ ಮೊಮ್ಮಗಳು · 6:25

ತಿಂದರು.